ಈಥರ್, ಯುಎಸ್‌ಡಿಸಿ, ಡೈ, ಯೂನಿ: ಯಾವುದರ ಹಿಂದೆ ಏನಿದೆ?

ಕ್ರಿಪ್ಟೋ ಆಸ್ತಿ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಮೆಟಾಮಾಸ್ಕ್ ತೆರೆದರೆ ಈ ನಾಲ್ಕೂ ಒಂದರ ಕೆಳಗೊಂದು ಒಂದೇ ಥರ ಕಾಣುತ್ತವೆ. ನಾಲ್ಕನ್ನೂ ಒಂದೇ ವಾಲೆಟ್‌ನಿಂದ ಕಳಿಸಿ ನೋಡಿ, ಮೊದಲ ವಹಿವಾಟಿಗೇ ವ್ಯತ್ಯಾಸ ಬಯಲಾಗುತ್ತದೆ.

ಈಥರ್ ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದ ಸ್ವಂತ ನಾಣ್ಯ. ಸಾದಾ ವರ್ಗಾವಣೆಗೆ 21,000 ಗ್ಯಾಸ್ ಸಾಕು; ಗ್ಯಾಸ್ ಅಂದರೆ ಜಾಲ ಮಾಡುವ ಕೆಲಸದ ಅಳತೆ, ಶುಲ್ಕ ಬೀಳುವುದು ಅದರ ಮೇಲೆ. ಉಳಿದ ಮೂರೂ ಇಆರ್‌ಸಿ-20 ಎಂಬ ಮಾದರಿಯ ಟೋಕನ್‌ಗಳು, ಅಂದರೆ ಒಂದು ಕಾಂಟ್ರಾಕ್ಟ್ (ಜಾಲದ ಮೇಲೆ ತಾನಾಗಿ ಓಡುವ ಪ್ರೋಗ್ರಾಂ) ಇಟ್ಟ ಲೆಕ್ಕದ ನಮೂದುಗಳು. ಇವುಗಳಿಗೆ ಗ್ಯಾಸ್ ದುಪ್ಪಟ್ಟಿಗೂ ಹೆಚ್ಚು ಬೇಕು, ಶುಲ್ಕವನ್ನು ಸಾಮಾನ್ಯವಾಗಿ ಈಥರ್‌ನಲ್ಲೇ ಕಟ್ಟಬೇಕು. 500 ಯುಎಸ್‌ಡಿಸಿ ಇದ್ದರೂ ಈಥರ್ ಸೊನ್ನೆಯಾದರೆ ಸಾಮಾನ್ಯ ವಹಿವಾಟು ಮುಂದೆ ಹೋಗುವುದಿಲ್ಲ. ಹೊಸಬರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ.

ಯುಎಸ್‌ಡಿಸಿ ಅಂದರೆ ಪ್ರತಿ ಟೋಕನ್‌ಗೆ ಒಂದು ಡಾಲರ್ ವಾಪಸ್ ಕೊಡುತ್ತೇನೆಂದು ಸರ್ಕಲ್ ಕಂಪನಿ ಕೊಟ್ಟ ಮಾತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ರಸೀದಿ ಇದ್ದಂತೆ: ಒಳಗೆ ಮೆಣಸಿನಕಾಯಿ ಚೀಲ ಇರುವ ತನಕ ಚೀಟಿಗೆ ಬೆಲೆ. 2023ರ ಮಾರ್ಚಿನಲ್ಲಿ ಸರ್ಕಲ್‌ನ 330 ಕೋಟಿ ಡಾಲರ್ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಸಿಕ್ಕಿಕೊಂಡಾಗ ಇದು 90 ಸೆಂಟಿಗಿಂತ ಕೆಳಗಿಳಿದು, ಬಳಿಕ ಚೇತರಿಸಿಕೊಂಡಿತು. ಸರ್ಕಲ್ ಬೇಕೆಂದರೆ ನಿಮ್ಮ ವಾಲೆಟ್ ವಿಳಾಸದಲ್ಲಿರುವ ಯುಎಸ್‌ಡಿಸಿಯನ್ನೇ ತಡೆಹಿಡಿಯಬಹುದು.

ಡೈ ಕೂಡ ಒಂದು ಡಾಲರ್ ಬೆಲೆಯಲ್ಲೇ ನಿಲ್ಲಬೇಕಾದ ಟೋಕನ್, ಆದರೆ ಅದಕ್ಕೆ ಅಂಥ ಕಂಪನಿ ಇಲ್ಲ. ಈಥರ್‌ನಂಥ ಆಸ್ತಿಯನ್ನು ಡೈ ಮೊತ್ತಕ್ಕಿಂತ ಹೆಚ್ಚು ಬೆಲೆಗೆ ಒತ್ತೆಯಿಟ್ಟು ಅದನ್ನು ಹೊರಡಿಸುತ್ತಾರೆ. ಒತ್ತೆಯ ಬೆಲೆ ಮಿತಿಗಿಂತ ಇಳಿದರೆ ಕಾಂಟ್ರಾಕ್ಟೇ ಅದನ್ನು ಹರಾಜಿಗಿಡುತ್ತದೆ. ಹಾಗಂತ ಪೂರ್ತಿ ಸ್ವತಂತ್ರವೂ ಅಲ್ಲ: ಒತ್ತೆಯಲ್ಲಿ ಯುಎಸ್‌ಡಿಸಿಯೂ ಇದ್ದುದರಿಂದ ಅದೇ ಮಾರ್ಚಿನಲ್ಲಿ ಡೈ ಕೂಡ ಜಾರಿತು. ಆದರೂ ಟೆರಾಯುಎಸ್‌ಡಿ ಎಂಬ ಇನ್ನೊಂದು ಡಾಲರ್ ಟೋಕನ್‌ಗೆ ಇದನ್ನು ಹೋಲಿಸುವುದು ತಪ್ಪು. ಅದಕ್ಕೆ ಮುಖ್ಯ ಆಧಾರವಾಗಿದ್ದುದು ತನ್ನದೇ ಜೊತೆಗಾರ ಟೋಕನ್ ಲೂನಾ. 2022ರ ಮೇ ತಿಂಗಳಲ್ಲಿ ಎರಡೂ ಒಟ್ಟಿಗೇ ಕುಸಿದವು.

ಯೂನಿ ಕೊಡುವುದು ಟೋಕನ್ ಅದಲುಬದಲಿನ ವೇದಿಕೆಯಾದ ಯೂನಿಸ್ವಾಪ್‌ನ ನಿಯಮಗಳ ಮೇಲೆ ಮತದ ಹಕ್ಕು. ಅದು ಕಂಪನಿಯ ಷೇರಲ್ಲ. ವಾಲೆಟ್‌ನಲ್ಲಿದ್ದ ಮಾತ್ರಕ್ಕೆ ಮತವೂ ಸಿಗದು. ಮೊದಲು ಡೆಲಿಗೇಟ್ ವಹಿವಾಟು ಮಾಡಿ ಅಧಿಕಾರವನ್ನು ನಿಮ್ಮದೇ ವಿಳಾಸಕ್ಕೆ ಕೊಟ್ಟುಕೊಳ್ಳಬೇಕು, ಅದಕ್ಕೂ ಗ್ಯಾಸ್ ಖರ್ಚು. ಮತ ಹಾಕುವ ಆಸಕ್ತಿಯಿಲ್ಲದವರು ಯೂನಿ ಕೊಳ್ಳಲು ನನಗೆ ಬಲವಾದ ಕಾರಣ ಕಾಣುವುದಿಲ್ಲ.

ಹೆಸರು, ಚಿಹ್ನೆ ನಂಬಬೇಡಿ. ಯುಎಸ್‌ಡಿಸಿ ಎಂಬ ಹೆಸರಿನ ಟೋಕನ್ ಯಾರು ಬೇಕಾದರೂ ಸೃಷ್ಟಿಸಬಹುದು. 0ಎಕ್ಸ್‌ನಿಂದ ಶುರುವಾಗುವ 42 ಅಕ್ಷರಗಳ ಕಾಂಟ್ರಾಕ್ಟ್ ವಿಳಾಸವನ್ನು ಹೊರಡಿಸಿದವರ ಅಧಿಕೃತ ಜಾಲತಾಣದಲ್ಲಿ ತಾಳೆ ನೋಡಿ. ಟೋಕನ್ ಎಷ್ಟು ಸಣ್ಣದಾಗಿ ಒಡೆಯುತ್ತದೆಂದು ಹೇಳುವ ದಶಾಂಶ ಸ್ಥಾನಗಳನ್ನೂ ಗಮನಿಸಿ: ಇಥೀರಿಯಂ ಮೇಲೆ ಯುಎಸ್‌ಡಿಸಿಗೆ 6, ಡೈ ಮತ್ತು ಯೂನಿಗೆ 18.

ತೆರಿಗೆಯಲ್ಲಿ ಮಾತ್ರ ನಾಲ್ಕಕ್ಕೂ ಒಂದೇ ನಿಯಮ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30; ಯೂನಿಯಲ್ಲಾದ ನಷ್ಟವನ್ನು ಈಥರ್ ಲಾಭದಿಂದ ಕಳೆಯುವಂತಿಲ್ಲ. ಈಥರ್ ಕೊಟ್ಟು ಯುಎಸ್‌ಡಿಸಿ ಪಡೆದರೂ ಅದು ಮಾರಾಟವೇ. ಹುಬ್ಬಳ್ಳಿಯ ನಿಮ್ಮ ಸಿಎ ಹತ್ತಿರ ಹೋಗುವ ಮೊದಲು ಪ್ರತಿ ಅದಲುಬದಲಿನ ದಿನಾಂಕ, ಆ ದಿನದ ರೂಪಾಯಿ ಬೆಲೆ ಮತ್ತು ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ.