ನಾಕ್ ಮಂದಿಗೆ ಒಂದ್ ಬ್ಯುರೆಟ್

ಗದಗಿನ ಈ ಕಾಲೇಜಿನ್ಯಾಗ ಬಿಎಸ್ಸಿ ಎರಡು ಸೆಮಿಸ್ಟರ್ ಮುಗಿಸೇನಿ, ಈಗ ಧಾರವಾಡದ ಕಾಲೇಜಿಗೆ ಬದಲಿ ಆಗಬೇಕಂತ ಅದೀನಿ. ಐದಕ್ಕ ಎರಡೂವರೆ ಸ್ಟಾರ್. ಕಾಲೇಜಿನ ಹೆಸರ ಹಾಕಂಗಿಲ್ಲ, ನನ್ನ ಇಂಟರ್ನಲ್ ಮಾರ್ಕ್ಸ್ ಇನ್ನೂ ಅವರ ಕೈಯಾಗ ಅದಾವು.

ಕೆಮಿಸ್ಟ್ರಿ ಲ್ಯಾಬಿನ ಕತಿ ಕೇಳ್ರಿ. ಪರ್ಮಾಂಗನೇಟ್ ಟೈಟ್ರೇಶನ್ (ಬಣ್ಣ ನಿಲ್ಲೂತನಕ ಹನಿ ಹನಿ ಹಾಕಿ ಅಳಿಯೂದು) ಮಾಡೂಮುಂದ ಆಕ್ಸಾಲಿಕ್ ಆಸಿಡ್ ಹಬಿ ಏಳೂವಷ್ಟು, 60–70 ಡಿಗ್ರಿತನಕ, ಕಾಸಬೇಕು. ಕಾಸದಿದ್ರ ರಿಯಾಕ್ಷನ್ ಮೈಗಳ್ಳನಂಗ ಕುಂತಬಿಡತೈತಿ. ನಾಕ್ ಹನಿ ಬೀಳೂದ್ರಾಗ ಗುಲಾಬಿ ಬಣ್ಣ ನಿಂತು ‘ಮುಗೀತು’ ಅಂತ ಮೋಸ ಮಾಡತೈತಿ. ನಮ್ಮಲ್ಲಿ ಬರ್ನರಿಗೆ ಗ್ಯಾಸ್ ಇರೂದು ತಪಾಸಣಿಗೆ ಬಂದ ದಿವಸ ಅಷ್ಟ. ಬ್ಯುರೆಟ್, ಅಂದ್ರ ಆ ಹನಿ ಬಿಡೂ ಗೀಟಿನ ಗಾಜಿನ ನಳಿಗಿ, ನಾಕ್ ಮಂದಿಗೆ ಒಂದು, ಅದರ ಚಾವಿ ಸೋರತೈತಿ, ವ್ಯಾಸಲೀನ್ ಹಚ್ಚಿ ನಡಸ್ತೀವಿ. ವ್ಯಾಸಲೀನೂ ನಮ್ದ. ಮತ್ತ ರೀಡಿಂಗ್? ಸೀನಿಯರ್ ಜರ್ನಲ್ ನೋಡಿ 9.8. ಎಲ್ಲಾರದೂ ಒಂದ ಆದ್ರ ಚಂದ ಕಾಣಂಗಿಲ್ಲಂತ ನಾ 9.7 ಬರದೆ.

ಕ್ಯಾಂಟೀನ್ ಗಿರ್ಮಿಟ್ ಚಲೋ. ಲೈಬ್ರರಿ ನಾಕಕ್ಕ ಬಂದ್.

ಕಾಕಾನ ಮಗಳು ಓದೂ ಧಾರವಾಡದ ಕಾಲೇಜ್ ನೋಡಾಕ ಹೋಗಿದ್ದೆ, ಹುಬ್ಬಳ್ಳಿತನಕ ಬಸ್, ಅಲ್ಲಿಂದ ಚಿಗರಿ ಬಸ್. ಲ್ಯಾಬಿನ ಬಾಗಲದಾಗ ನಿಂತ ನೋಡಿದೆ. ಒಬ್ಬೊಬ್ಬರ ಮುಂದ ಒಂದೊಂದು ಬ್ಯುರೆಟ್, ಬರ್ನರಿನ್ಯಾಗ ನೀಲಿ ಉರಿ. ಕ್ಲಾಸಿನ್ಯಾಗ ಮಾತ್ರ ಮಂದಿ ಜಾತ್ರಿ. ಹಿಂದಿನ ಬೆಂಚಿಗೆ ಸರ್ ದನಿನ ಮುಟ್ಟೂದಿಲ್ಲಂತ ಅಕಿನ ಹೇಳಿದ್ಲು.

ಅಲ್ಲಿಗೆ ಬದಲಿ ಆಗ್ತೀನಂದ್ರ ಅಪ್ಪ ಕೇಳಿದ್ದು ಒಂದ ಮಾತು: “ಡಿಗ್ರಿ ಕಾಗದದ ಮ್ಯಾಲೆ ಯಾವ ಹೆಸರ ಬರತೈತಿ?” ಎರಡೂ ಕರ್ನಾಟಕ ವಿಶ್ವವಿದ್ಯಾಲಯದ್ದ. ಸಿಲಬಸ್ ಒಂದ, ಪ್ರಶ್ನೆಪತ್ರಿಕೆ ಒಂದ. “ಮತ್ಯಾಕ ರೊಕ್ಕಾ ಹಾಳ ಮಾಡ್ತಿ?” ಅಂದ್ರು. ಅವರ ಮಾತೂ ಸುಳ್ಳಲ್ಲ. ಈಗ ಆಧಾರ್ ತೋರಿಸಿದ್ರ ಶೂನ್ಯ ಟಿಕೆಟ್, ಹುಲಕೋಟಿಯಿಂದ ದಿನಾ ಬಂದು ಹೋಗತೀನಿ. ಧಾರವಾಡಕ್ಕ ದಿನಾ ಓಡ್ಯಾಡಾಕ ಆಗಂಗಿಲ್ಲ. ಸಪ್ತಾಪುರದ ಪಿಜಿಯಾಗ ಊಟ ಸೇರಿ ತಿಂಗಳಿಗೆ 5,500 ಕೇಳ್ಯಾರ. ಆದ್ರ ಎಂಎಸ್ಸಿಗೆ ಹೋಗಿ ಬ್ಯುರೆಟ್ ಹಿಡಿಯಾಕ ಬರೂದಿಲ್ಲಂದ್ರ ಆವಾಗ ಯಾರಿಗೆ ಕೇಳ್ಲಿ?

ನೀವೂ ಬದಲಿ ಮಾಡೂದಿದ್ರ ಮೂರನೇ ಸೆಮಿಸ್ಟರ್ ಚಾಲೂ ಆಗೂ ಮೊದಲ ಓಡಾಡ್ರಿ. ಮೊದಲ ಅಲ್ಲಿ ನಿಮ್ಮ ಸಬ್ಜೆಕ್ಟಿಗೆ ಸೀಟ್ ಖಾಲಿ ಐತೇನು ಕೇಳ್ರಿ, ಆಮ್ಯಾಲೆ ಇಲ್ಲಿ ಎನ್‌ಓಸಿ, ಟಿಸಿ. ಹಾವೇರಿಗೆ 2023ರಾಗ ಬ್ಯಾರೆ ವಿಶ್ವವಿದ್ಯಾಲಯ ಆಗೇತಿ, ಆ ಕಡಿಂದ ಬರೋರಿಗೆ ಮೈಗ್ರೇಶನ್ ಸರ್ಟಿಫಿಕೇಟಿನ ಓಡಾಟ ಜಾಸ್ತಿ. ನಮ್ಮ ಆಫೀಸಿನ್ಯಾಗ ಎನ್‌ಓಸಿ ಕೇಳಿದ್ರ “ನಾಳಿ ಬಾ” ಅಂದ್ರು. ಅಂಥಾ ನಾಳಿ ನಾಕ್ ಆದುವು.

ಎರಡೂವರಿಯೊಳಗಿನ ಎರಡು ಸ್ಟಾರ್ ಬಾಟನಿ ಮೇಡಂ ಅವರವು. ಕಪ್ಪತಗುಡ್ಡಕ್ಕ ಕರಕೊಂಡು ಹೋಗಿ, “2019ರಿಂದ ಇದು ಅಭಯಾರಣ್ಯ, ಒಂದು ಎಲಿನೂ ಹರಿಯಂಗಿಲ್ಲ, ಕಣ್ಣಾಗ ನೋಡ್ರಿ” ಅಂತ ಒಂದೊಂದು ಗಿಡದ ಮುಂದ ಹತ್ತ ಹತ್ತ ನಿಮಿಷ ನಿಲ್ಲಿಸಿದ್ರು. ಹರ್ಬೇರಿಯಂ (ಗಿಡ ಒಣಗಿಸಿ ಹಾಳಿಗೆ ಅಂಟಿಸೂದು) ಮಾಡಾಕ ಕಾಲೇಜ್ ಕಂಪೌಂಡಿನ ಕಸದ ಗಿಡಾನ ಸಾಕು ಅಂದ್ರು. ಹೊಂಟೇನಂತ ಹೇಳಿದಾಗ ಸಿಟ್ಟಾಗ್ತಾರಂತ ಅಂಜಿದ್ದೆ. “ಹೋಗವಾ, ಅಲ್ಲಿ ಲ್ಯಾಬ್ ಚಲೋ ಐತಿ. ಹರ್ಬೇರಿಯಂ ಮುಗಿಸಿ ಕೊಟ್ಟು ಹೋಗು” ಅಂದ್ರು.

ಇನ್ನೂ ಎರಡು ಹಾಳಿ ಬಾಕಿ ಅದಾವು. ಉತ್ತರಾಣಿ ಹಳೇ ಪೇಪರಿನ್ಯಾಗ ಒಣಗಾಕ ಇಟ್ಟೇನಿ, ಮ್ಯಾಲೆ ಅವ್ವನ ಕಲಬತ್ತು.