ಮೈನರ್ ಆಗಿ ಭೂವಿಜ್ಞಾನ ಮತ್ತು ಭೂವ್ಯವಸ್ಥಾ ವಿಜ್ಞಾನ: ಎರಡನ್ನೂ ಓದಿದ ಮೇಲೆ

ಭೌತವಿಜ್ಞಾನ ಮೇಜರ್ ಆಗಿದ್ದ ನಾನು ಮೈನರ್‌ಗೆ ಮೊದಲು ಆರಿಸಿಕೊಂಡದ್ದು ಭೂವಿಜ್ಞಾನವನ್ನು. ಎರಡು ಸೆಮಿಸ್ಟರ್ ಮುಗಿಸಿ, ನೆಲ, ನೀರು, ಗಾಳಿ, ಜೀವಿಗಳನ್ನು ಒಂದೇ ವ್ಯವಸ್ಥೆಯಾಗಿ ನೋಡುವ ಭೂವ್ಯವಸ್ಥಾ ವಿಜ್ಞಾನಕ್ಕೆ (ಅರ್ಥ್ ಸಿಸ್ಟಮ್ ಸೈನ್ಸ್) ಬದಲಾಯಿಸಿಕೊಂಡೆ. ಎರಡರ ಹೆಸರೂ ಹತ್ತಿರ ಹತ್ತಿರ ಕೇಳಿಸುವುದರಿಂದ ಯಾವುದಾದರೇನು ಎಂದುಕೊಳ್ಳುವವರೇ ಹೆಚ್ಚು. ಆದರೆ ಒಂದೇ ಬಂಡೆಯ ಮುಂದೆ ನಿಂತು ಇವು ಕೇಳುವ ಪ್ರಶ್ನೆಗಳು ಬೇರೆ.

ಆ ಬಂಡೆ ಲಾಲ್‌ಬಾಗಿನದು. ಸುಮಾರು 300 ಕೋಟಿ ವರ್ಷ ಹಳೆಯದಾದ ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ ಅದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿ ಸುತ್ತಿಗೆ ಮುಟ್ಟುವಂತಿಲ್ಲ, ಲೆನ್ಸ್ ಹಿಡಿದು ನೋಡಬೇಕು. ಬಯೊಟೈಟ್‌ನ ಕಪ್ಪು ಹೊಳಪನ್ನೂ ಫೆಲ್ಡ್‌ಸ್ಪಾರ್‌ನ ಮಾಸಲು ಬಿಳುಪನ್ನೂ ಗಾಜಿನಂಥ ಕ್ವಾರ್ಟ್ಜ್ ಕಣಗಳನ್ನೂ, ಹೀಗೆ ಬಂಡೆಯಲ್ಲಿನ ಖನಿಜಗಳನ್ನು ಗುರುತಿಸಿ, ಪಟ್ಟೆಗಳು ಯಾವ ದಿಕ್ಕಿಗೆ ಸಾಗಿವೆ ಎಂದು ಬರೆದುಕೊಂಡು ಬಂದರೆ ಭೂವಿಜ್ಞಾನದ ಅಂದಿನ ಪಾಠ ಮುಗಿಯುತ್ತಿತ್ತು. ಕಣ್ಣನ್ನು ಪಳಗಿಸುವುದರಲ್ಲಿ ಈ ವಿಷಯಕ್ಕೆ ಸಾಟಿಯಿಲ್ಲ. ಪರೀಕ್ಷೆಗೆ ಮಾತ್ರ ಖನಿಜಗಳ ಕಾಠಿಣ್ಯ, ಸೀಳು, ಬಣ್ಣಗಳನ್ನು ಕಂಠಪಾಠ ಮಾಡಬೇಕಾಯಿತು. ನನಗೆ ಬರುತ್ತಿದ್ದ ಗಣಿತಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಭೂವ್ಯವಸ್ಥಾ ವಿಜ್ಞಾನದ ತರಗತಿಯಲ್ಲಿ ಅದೇ ಫೆಲ್ಡ್‌ಸ್ಪಾರ್ ಮತ್ತೆ ಬಂತು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡ ಮಳೆನೀರು ಅದನ್ನು ನಿಧಾನವಾಗಿ ಜೇಡಿಯಾಗಿಸುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟಿನೊಡನೆ ನದಿ ಸೇರಿ ಕಡಲಿಗಿಳಿಯುತ್ತದೆ, ಅಲ್ಲಿ ಚಿಪ್ಪುಗಳಾಗಿ ಕೊನೆಗೆ ಸುಣ್ಣಕಲ್ಲಾಗುತ್ತದೆ, ಕೋಟ್ಯಂತರ ವರ್ಷಗಳ ಬಳಿಕ ಜ್ವಾಲಾಮುಖಿಗಳು ಆ ಇಂಗಾಲವನ್ನು ಮರಳಿ ಗಾಳಿಗೆ ಬಿಡುತ್ತವೆ. ಹಿಂದಿನ ವರ್ಷ ಸುಣ್ಣಕಲ್ಲಿನ ಮೇಲೆ ಆಮ್ಲದ ಹನಿ ಬಿಟ್ಟು, ನೊರೆ ಎದ್ದೊಡನೆ ‘ಕ್ಯಾಲ್ಸೈಟ್’ ಎಂದು ಬರೆದು ಮುಂದಿನ ಮಾದರಿಗೆ ಹೋಗಿದ್ದೆ. ಆ ನೊರೆ ಎಂದೋ ಆಕಾಶದಲ್ಲಿದ್ದ ಅನಿಲ ಎಂದು ತಿಳಿದ ದಿನ ನನ್ನ ಆಯ್ಕೆ ಇತ್ಯರ್ಥವಾಯಿತು.

ಗಣಿತಕ್ಕೂ ಇಲ್ಲಿ ಮೊದಲ ವಾರದಿಂದಲೇ ಕೆಲಸ ಸಿಕ್ಕಿತು. ಪ್ರತಿ ಚದರ ಮೀಟರಿಗೆ 1361 ವ್ಯಾಟ್ ಸೂರ್ಯಶಕ್ತಿ, ಅದರಲ್ಲಿ ಶೇ. 30ರಷ್ಟು ಪ್ರತಿಫಲನ ಎಂದಿಟ್ಟುಕೊಂಡು, ಉಳಿದದ್ದನ್ನು ಇಡೀ ಗೋಳದ ಮೈಗೆ ಹಂಚಿ (ಅಂದರೆ ನಾಲ್ಕರಿಂದ ಭಾಗಿಸಿ), ವಸ್ತುವಿನ ಉಷ್ಣಾಂಶಕ್ಕೂ ಅದು ಹೊರಸೂಸುವ ಶಕ್ತಿಗೂ ಇರುವ ನಂಟನ್ನು ಹೇಳುವ ಸ್ಟೀಫನ್–ಬೋಲ್ಟ್ಸ್‌ಮನ್ ನಿಯಮ ಹಚ್ಚಿದರೆ ಭೂಮಿಯ ಉಷ್ಣಾಂಶ ಮೈನಸ್ 18 ಡಿಗ್ರಿ ಬರುತ್ತದೆ. ನಿಜವಾದ ಸರಾಸರಿ ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ಹಸಿರುಮನೆ ಅನಿಲಗಳದು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ 315 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿರುವುದನ್ನು ಈ ಲೆಕ್ಕ ಮಾಡಿದ ಕೈ ಹಗುರವಾಗಿ ಓದಲಾರದು.

ಕೊರತೆಯೂ ಇದೆ. ನನ್ನ ಕೋರ್ಸಿನಲ್ಲಿ ಕ್ಷೇತ್ರಕಾರ್ಯ ಒಂದೇ ಒಂದು ದಿನ. ಉಳಿದದ್ದೆಲ್ಲ ಪೆಟ್ಟಿಗೆ, ಬಾಣಗಳ ಚಿತ್ರ ಮತ್ತು ಕಂಪ್ಯೂಟರ್ ಮಾದರಿ. ಕಲ್ಲನ್ನು ಕೈಯಲ್ಲಿ ಹಿಡಿಯದೆ ನೇರವಾಗಿ ಇದಕ್ಕೆ ಸೇರಿದ ಸಹಪಾಠಿಗಳಿಗೆ ‘ಶಿಥಿಲೀಕರಣ’ (ಮಳೆ, ಗಾಳಿಗೆ ಕಲ್ಲು ಕರಗಿ ಸಡಿಲವಾಗುವುದು) ಎಂಬುದು ಒಂದು ಬಾಣವಾಗಿಯೇ ಉಳಿಯಿತು. ಅವಕಲ ಸಮೀಕರಣ (ಡಿಫರೆನ್ಷಿಯಲ್ ಇಕ್ವೇಶನ್) ಬಾರದವರು ಅರ್ಧದಲ್ಲೇ ಬಿಟ್ಟರು.

ಮೇಜರ್ ಭೌತ, ರಸಾಯನ ಅಥವಾ ಗಣಿತವಾಗಿದ್ದರೆ ಭೂವ್ಯವಸ್ಥಾ ವಿಜ್ಞಾನವನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ, ಆದರೆ ಸಾಧ್ಯವಾದರೆ ಒಂದು ಸೆಮಿಸ್ಟರ್ ಭೂವಿಜ್ಞಾನದ ಪ್ರಯೋಗಾಲಯ ಮುಗಿಸಿಕೊಂಡು. ಗಣಿ ಅಥವಾ ಅಂತರ್ಜಲದ ಕೆಲಸಕ್ಕೆ ಹೋಗುವವರಿಗೆ ಭೂವಿಜ್ಞಾನವೇ ಸರಿ.