ಮೂರು ವರ್ಷ ಆಡಿದ ಮೇಲೆ: ಆರುನೂರು ಕಾರ್ಡಿನ ಕನ್ನಡ ಕ್ವಿಜ್ ಡಬ್ಬಿ

2022ರ ಜೂನ್. ಮಗನ ಏಳನೇ ಕ್ಲಾಸಿನ ನೋಟ್‌ಬುಕ್ಕು, ಬ್ರೌನ್ ಪೇಪರು ತರೋಣ ಅಂತ ಅವೆನ್ಯೂ ರೋಡಿಗೆ ಹೋಗಿದ್ದೆ. ಒಂದು ಅಂಗಡಿಯ ಮೇಲಿನ ಕಪಾಟಿನಲ್ಲಿ ಈ ಡಬ್ಬಿ ಕಾಣಿಸಿತು. ಆರು ಕಟ್ಟು, ಕಟ್ಟಿಗೆ ನೂರು ಕಾರ್ಡು, ಒಂದು ಮರಳಿನ ಗಡಿಯಾರ, ಎಲ್ಲ ಕನ್ನಡದಲ್ಲೇ. ಮೇಲೆ 450 ರೂಪಾಯಿ ಅಂತಿತ್ತು, ಚೌಕಾಸಿ ಮಾಡಿ 400ಕ್ಕೆ ತಂದೆ. ಕಂಪನಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಯಾಕೆ ಅಂದರೆ, ಇದೇ ತರಹದ ಇನ್ನೆರಡು ಡಬ್ಬಿ ನೆಂಟರ ಮನೆಯಲ್ಲಿ ನೋಡಿದ್ದೇನೆ. ರೋಗ ಎಲ್ಲದಕ್ಕೂ ಒಂದೇ.

ನಮ್ಮದು ಹನುಮಂತನಗರದ ಮನೆ. ಮಾವ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ರಿಟೈರ್ ಆದವರು. 2002ರಲ್ಲಿ ಚಂದನದಲ್ಲಿ ‘ಥಟ್ ಅಂತ ಹೇಳಿ’ ಶುರುವಾದಾಗಿನಿಂದ ಅವರು ಅದರ ಖಾಯಂ ಗಿರಾಕಿ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಓದಿ ಮುಗಿಸುವ ಮೊದಲೇ ಇವರು ಸೋಫಾದಿಂದ ಉತ್ತರ ಕೂಗಿರುತ್ತಾರೆ. ಸರಿಯಾದರೆ, ‘ಆ ಪುಸ್ತಕ ನನಗೆ ಬರಬೇಕಿತ್ತು’ ಅನ್ನುತ್ತಾರೆ. ದುಡ್ಡಲ್ಲ, ಪುಸ್ತಕ ಬಹುಮಾನ ಕೊಡುವ ಕಾರ್ಯಕ್ರಮ ಅನ್ನೋದೇ ಅವರಿಗೆ ದೊಡ್ಡ ಆಕರ್ಷಣೆ. ಮಗ ಬೇರೆ ಪಾರ್ಟಿ. ಅವನು ಫೋನಿನಲ್ಲಿ ಅಪ್ಪು ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯ ತುಣುಕು ನೋಡಿ ಬೆಳೆದವನು. ಒಬ್ಬರಿಗೆ ಪುಸ್ತಕ, ಒಬ್ಬನಿಗೆ ಕೋಟಿ. ಇಬ್ಬರನ್ನೂ ಒಂದು ಚಾಪೆಯ ಮೇಲೆ ಕೂರಿಸೋಣ ಅಂತ ಈ ಡಬ್ಬಿ ತಂದಿದ್ದು. ಬೆಂಗಳೂರಿನಲ್ಲಿ ಕ್ವಿಜ್‌ಗೇನೂ ಬರ ಇಲ್ಲ, ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದಲೇ ಇದೆ. ಆದರೆ ಈ ಊರಿನ ಕ್ವಿಜ್ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತೆ. ಮನೆಯಲ್ಲಿ ಕನ್ನಡದಲ್ಲಿ ಆಡೋಕೆ ಅಂಗಡಿಯಲ್ಲಿ ಸಿಗುವುದು ಬಹಳ ಕಮ್ಮಿ.

ಸಾಮಾನಿನ ಗುಣಮಟ್ಟ ಬೇಗ ಹೇಳಿ ಮುಗಿಸುತ್ತೇನೆ. ಡಬ್ಬಿಯ ಮೂಲೆ ಆರು ತಿಂಗಳಲ್ಲಿ ಹರಿಯಿತು, ಈಗ ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾರ್ಡುಗಳಿವೆ. ಮರಳಿನ ಗಡಿಯಾರ ಮೊದಲ ಮಳೆಗಾಲಕ್ಕೇ ಕೈಕೊಟ್ಟಿತು. ಒಳಗೆ ಹೇಗೋ ತೇವ ಹೋಗಿ ಮರಳು ಗಂಟುಕಟ್ಟಿದೆ, ಈಗ ಬಾಯಲ್ಲೇ ಹತ್ತು ಎಣಿಸುತ್ತೇವೆ. ಕಾರ್ಡು ತೆಳು, ಆದರೆ ಹರಿದಿಲ್ಲ. ಅಚ್ಚಿನ ತಪ್ಪು ಮಾತ್ರ ಜಾಸ್ತಿ. ಹಳೆ ಫಾಂಟಿನಿಂದ ಹೊಸದಕ್ಕೆ ಬದಲಿಸಿದವರು ತಿರುಗಿ ನೋಡಿಲ್ಲ ಅಂತ ಕಾಣುತ್ತೆ, ಅರ್ಕಾವತ್ತು ಒಂದಕ್ಷರ ಆಚೆ ಹಾರಿದೆ. ವಿಜ್ಞಾನದ ಕಟ್ಟಿನಲ್ಲಿ ‘ಸೂರ್ಯ’ ಇರಬೇಕಾದ ಕಡೆಯಲ್ಲೆಲ್ಲ ‘ಸೂಯರ್’ ಇದೆ. ಮಗ ಇವತ್ತಿಗೂ ಬೇಕಂತಲೇ ಹಾಗೇ ಓದುತ್ತಾನೆ.

ಈಗ ಮುಖ್ಯ ವಿಷಯ. ಈ ಡಬ್ಬಿಯ ಮೇಲಾಗಲಿ ಒಳಗಾಗಲಿ ಎಲ್ಲೂ ಇಸವಿ ಇಲ್ಲ. ಹಾಲಿನ ಪ್ಯಾಕೆಟ್ಟಿಗೆ ತಾರೀಖು ಹಾಕುತ್ತಾರೆ, ಬ್ರೆಡ್ಡಿಗೆ ಹಾಕುತ್ತಾರೆ. ಸಾಮಾನ್ಯ ಜ್ಞಾನಕ್ಕೆ ಬೇಡ್ವಾ?

ತಂದ ಎರಡನೇ ದಿನವೇ ಜಗಳ ಶುರು. ‘ಭಾರತದಲ್ಲಿ ಎಷ್ಟು ರಾಜ್ಯಗಳಿವೆ?’ ಮಗ 28 ಅಂದ. ಕಾರ್ಡಿನ ಹಿಂದೆ 29. ಅವನ ಪಾಯಿಂಟ್ ಹೋಯಿತು. ಅವನು ಸಮಾಜ ಪುಸ್ತಕ ತಂದು ತಾತನ ಮುಂದೆ ಇಟ್ಟ. ಮಾವ ಕನ್ನಡಕ ಏರಿಸಿ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಲೋ, ಇದು ತಪ್ಪು ಉತ್ತರ ಅಲ್ಲ ಕಣೋ, ಹಳೇ ಉತ್ತರ’ ಅಂದರು. ‘ತೇದಿ ಇಲ್ಲದ ಶಾಸನ ಇದ್ದ ಹಾಗೆ. ಒಳಗಿರೋದನ್ನ ಓದಿ ಕಾಲ ಹಿಡೀಬೇಕು.’

ಆ ವಾರವೆಲ್ಲ ತಾತ ಮೊಮ್ಮಗನಿಗೆ ಅದೇ ಕೆಲಸ. ಆಟ ಬಿಟ್ಟು ಡಬ್ಬಿಯ ವಯಸ್ಸು ಹುಡುಕುತ್ತಾ ಕೂತರು. 29 ರಾಜ್ಯ ಅಂದರೆ ತೆಲಂಗಾಣ ಆದ ಮೇಲೆ, ಅಂದರೆ 2014ರ ಜೂನ್‌ನಿಂದ ಈಚೆ. ಜಮ್ಮು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದದ್ದು 2019ರ ಅಕ್ಟೋಬರ್ 31ಕ್ಕೆ, ಅದಕ್ಕಿಂತ ಆಚೆ. ಐದು ವರ್ಷದ ಅಂತರ, ಇನ್ನೂ ಕಿರಿದು ಮಾಡಬೇಕು. ವಾಣಿಜ್ಯದ ಕಟ್ಟಿನಲ್ಲಿ ‘ಜಿಎಸ್‌ಟಿ ಜಾರಿಗೆ ಬಂದದ್ದು ಯಾವಾಗ?’ ಅನ್ನುವ ಕಾರ್ಡು ಸಿಕ್ಕಿತು. ಉತ್ತರ 2017ರ ಜುಲೈ 1. ಹಾಗಾದರೆ ಡಬ್ಬಿ ಅದಕ್ಕಿಂತ ಹಳೆಯದಲ್ಲ. ಇನ್ನೊಂದು ಕಾರ್ಡಿನಲ್ಲಿ ಜಗತ್ತಿನ ಅತಿ ಎತ್ತರದ ಪ್ರತಿಮೆ ಚೀನಾದ ಬುದ್ಧ ಅಂತಿದೆ. ಗುಜರಾತಿನ 182 ಮೀಟರ್ ಎತ್ತರದ ಸರ್ದಾರ್ ಪಟೇಲ್ ಪ್ರತಿಮೆ ಉದ್ಘಾಟನೆಯಾದದ್ದು 2018ರ ಅಕ್ಟೋಬರ್ 31. ಡಬ್ಬಿ ಅದಕ್ಕೂ ಹಿಂದಿನದು. ಕೊನೆಗೆ ಮಗ ಒಂದು ಕಾರ್ಡು ಹಿಡಿದು ಓಡಿ ಬಂದ. ‘ಕರ್ನಾಟಕದ ಮುಖ್ಯಮಂತ್ರಿ ಯಾರು?’ ಉತ್ತರ: ಸಿದ್ದರಾಮಯ್ಯ. ಅವರ ಮೊದಲ ಅವಧಿ ಮುಗಿದದ್ದು 2018ರ ಮೇನಲ್ಲಿ. ಅಲ್ಲಿಗೆ ಕಾಲನಿರ್ಣಯ ಆಯಿತು: 2017ರ ಜುಲೈನಿಂದ 2018ರ ಮೇ ನಡುವೆ. ನಾನು 2022ರಲ್ಲಿ ಹೊಸದು ಅಂತ ದುಡ್ಡು ಕೊಟ್ಟು ತಂದ ಡಬ್ಬಿ ಅದಾಗಲೇ ನಾಲ್ಕು ವರ್ಷ ಹಳೆಯ ಸರಕು!

ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಿಕೊಂಡು ಸಮಾಧಾನವಾಗೇ ಕೇಳಿಸಿಕೊಂಡರು. ‘ಮೇಡಂ, ಹೊಸ ಎಡಿಷನ್ ಬರುತ್ತೆ, ಅದನ್ನ ತಗೊಳ್ಳಿ’ ಅಂದರು. ಬದಲಿ ಕಾರ್ಡು ಕಳಿಸುತ್ತೀರಾ ಅಂದೆ. ಅಂಥಾದ್ದೇನೂ ಇಲ್ಲವಂತೆ. ಹೊಸ ಎಡಿಷನ್ ಮುಂದಿನ ವರ್ಷ ಬಂತು, ಪಕ್ಕದ ಮನೆಯವರು ತಂದರು. ಅದರಲ್ಲಿ ರಾಜ್ಯ 28 ಆಗಿದೆ, ಪರವಾಗಿಲ್ಲ. ಆದರೆ ಕರ್ನಾಟಕದ ಜಿಲ್ಲೆ ಇನ್ನೂ 30. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31 ಆದದ್ದು 2021ರಲ್ಲಿ. ಕನ್ನಡದ ಡಬ್ಬಿಗೆ ಕನ್ನಡನಾಡಿನ ಜಿಲ್ಲೆಯೇ ಗೊತ್ತಿಲ್ಲ ಅಂದರೆ ಏನು ಹೇಳೋದು?

ಮಜಾ ಇದ್ದದ್ದು 2023ರಲ್ಲಿ. ನಾವು ಸುಮ್ನೆ ಇದ್ದೆವು, ಕಾರ್ಡುಗಳೇ ಬದಲಾದವು. ಮೇ 20ಕ್ಕೆ ಸಿದ್ದರಾಮಯ್ಯ ಮತ್ತೆ ಪ್ರಮಾಣವಚನ ತಗೊಂಡರು. ನಾವು ತಂದಾಗಿನಿಂದ ತಪ್ಪಾಗಿದ್ದ ಕಾರ್ಡು ಅವತ್ತು ಮಧ್ಯಾಹ್ನ ತಾನಾಗಿ ಸರಿಹೋಯಿತು. ಮಗ ಅದನ್ನು ‘ತಪ್ಪು’ ಕಟ್ಟಿನಿಂದ ಎತ್ತಿ ಮತ್ತೆ ಡಬ್ಬಿಗೆ ಹಾಕಿದ. ಅದಕ್ಕೆ ಒಂದು ತಿಂಗಳ ಮುಂಚೆ ಉಲ್ಟಾ ಆಗಿತ್ತು. ‘ಅತಿ ಹೆಚ್ಚು ಜನಸಂಖ್ಯೆಯ ದೇಶ: ಚೀನಾ’ ಅನ್ನುವ ಕಾರ್ಡು ಏಪ್ರಿಲ್‌ನಲ್ಲಿ ಕೆಟ್ಟುಹೋಯಿತು, ವಿಶ್ವಸಂಸ್ಥೆಯ ಲೆಕ್ಕದಲ್ಲಿ ಭಾರತ ಮುಂದೆ ಬಂತು. ಎಲ್ಲಕ್ಕಿಂತ ಚಂಚಲ ಅಂದರೆ ‘ಅತಿ ಹೆಚ್ಚು ಚಂದ್ರರಿರುವ ಗ್ರಹ’. ಕಾರ್ಡಿನಲ್ಲಿ ಗುರು. 2019ರಲ್ಲಿ ಶನಿ 82 ಚಂದ್ರರೊಂದಿಗೆ ಮುಂದೆ ಹೋಗಿದ್ದ, ಹಾಗಾಗಿ ನಾವು ತಂದಾಗ ಕಾರ್ಡು ತಪ್ಪು. 2023ರ ಫೆಬ್ರವರಿಯಲ್ಲಿ ಗುರುವಿಗೆ 92 ಆಗಿ ಕಾರ್ಡು ಸರಿಯಾಯಿತು. ಮೇನಲ್ಲಿ ಶನಿಗೆ ಅರವತ್ತಕ್ಕೂ ಹೆಚ್ಚು ಹೊಸ ಚಂದ್ರರು ಸಿಕ್ಕಿ ಮತ್ತೆ ತಪ್ಪು. 2025ರ ಮಾರ್ಚ್‌ನಲ್ಲಿ ಶನಿಯ ಲೆಕ್ಕ 274ಕ್ಕೆ ಹೋದ ಮೇಲೆ ಗುರುವಿನ ಆಸೆ ನಾವು ಬಿಟ್ಟಿದ್ದೇವೆ. ‘ಶನಿ ಹೆಗಲೇರಿದ ಮೇಲೆ ಇಳೀತಾನಾ?’ ಅಂದರು ಅತ್ತೆ.

ಅತ್ತೆಯ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅವರು ಆಟಕ್ಕೆ ಕೂರುವುದೇ ಇಲ್ಲ. ರಾಜ್ಯ, ಗ್ರಹ, ಪ್ರತಿಮೆ ಯಾವುದಕ್ಕೂ ಬಾಯಿ ಬಿಡುವುದಿಲ್ಲ. ಆದರೆ ಈ ಡಬ್ಬಿಯ ನಾಲ್ಕನೇ ಕಟ್ಟು ‘ಭಾಷೆ-ಸಾಹಿತ್ಯ’ ತೆಗೆದರೆ ನಾವು ಮೂವರೂ ಎದ್ದು ಹೋಗಬೇಕು. ಡಿಸೆಂಬರಿನ ಒಂದು ರಾತ್ರಿ, ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದರು. ಮಗ ವಚನಕಾರರ, ದಾಸರ ಅಂಕಿತನಾಮದ ಕಾರ್ಡು ಓದುತ್ತಿದ್ದ. ‘ಗುಹೇಶ್ವರ?’ ಅಂದ. ‘ಅಲ್ಲಮ’ ಅಂದರು, ಕಾಳೊಂದು ಚಿಮ್ಮಿತು. ‘ರಾಮನಾಥ?’ ಮಾವ ಯೋಚಿಸುತ್ತಿದ್ದರು. ‘ದೇವರ ದಾಸಿಮಯ್ಯ’, ಇನ್ನೊಂದು ಕಾಳು. ‘ಕಾಗಿನೆಲೆಯಾದಿಕೇಶವ’ ಅಂದಾಗ, ‘ಅಯ್ಯೋ ಇದೂ ಒಂದು ಪ್ರಶ್ನೆನಾ’ ಅಂತ ನಕ್ಕರು. ತಲೆ ಎತ್ತಲೇ ಇಲ್ಲ. ತದ್ಭವದ ಕಾರ್ಡುಗಳೂ ಚೆನ್ನಾಗಿವೆ: ವಿದ್ಯೆಗೆ ಬಿಜ್ಜೆ, ಕಾರ್ಯಕ್ಕೆ ಕಜ್ಜ, ಸ್ವರ್ಗಕ್ಕೆ ಸಗ್ಗ. ಈ ಕಟ್ಟಿನಲ್ಲಿ ಮೂರು ವರ್ಷದಲ್ಲಿ ಒಂದು ಕಾರ್ಡೂ ಹಳಸಿಲ್ಲ. 400 ರೂಪಾಯಿಯಲ್ಲಿ 300 ಇದಕ್ಕೇ ಅಂತ ನನ್ನ ಲೆಕ್ಕ.

‘ನಮ್ಮ ಬೆಂಗಳೂರು’ ಅಂತ ಇನ್ನೊಂದು ಕಟ್ಟಿದೆ. ಅದರಲ್ಲಿ ಹಳೇ ಉತ್ತರ ಅಲ್ಲ, ಕಟ್ಟುಕತೆ ಇದೆ. ಊರಿನ ಹೆಸರು ಹೇಗೆ ಬಂತು ಅಂದರೆ, ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ. ಕತೆ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಅದರಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತೆ. ವೀರಬಲ್ಲಾಳನ ಕಾಲಕ್ಕೆ ಆ ಹೆಸರಿಗೇ ಮುನ್ನೂರು ವರ್ಷ ತುಂಬುತ್ತಾ ಬಂದಿತ್ತು. ಒಂದು ಭಾನುವಾರ ಎಲ್ಲರೂ ಬೇಗೂರಿಗೆ ಹೋಗಿ ಕಲ್ಲು ನೋಡಿ ಬಂದೆವು. ಈ ಡಬ್ಬಿ ನಮಗೆ ಮಾಡಿಸಿದ ಒಂದೇ ಪ್ರವಾಸ ಅದು, ಅದೂ ತಪ್ಪು ಕಾರ್ಡಿನ ಪುಣ್ಯದಿಂದ.

‘ಕ್ವಿಜ್’ ಅನ್ನುವ ಪದದ ಬಗ್ಗೆಯೇ ಒಂದು ಕಾರ್ಡಿದೆ. 1791ರಲ್ಲಿ ಡಬ್ಲಿನ್ನಿನ ನಾಟಕಶಾಲೆಯ ಡೇಲಿ ಅನ್ನುವವನು ಪಂದ್ಯ ಕಟ್ಟಿ, ಅರ್ಥವೇ ಇಲ್ಲದ ಈ ಪದವನ್ನು ರಾತ್ರೋರಾತ್ರಿ ಊರಿನ ಗೋಡೆ ಮೇಲೆಲ್ಲ ಬರೆಸಿದ ಅಂತ. ಇದೂ ಬೆಂದಕಾಳಿನ ಜಾತಿಯೇ. ಫ್ಯಾನಿ ಬರ್ನಿ ಅನ್ನುವ ಇಂಗ್ಲಿಷ್ ಲೇಖಕಿಯ 1782ರ ದಿನಚರಿಯಲ್ಲೇ ಈ ಪದ ಇದೆ. (ಮಾವ ಉಪನ್ಯಾಸ ಕೇಳೋಕೆ ಹೋಗುವ ನೃಪತುಂಗ ರಸ್ತೆಯ ಡೇಲಿ ಮೆಮೋರಿಯಲ್ ಹಾಲ್ ಇವನದೇನಾ ಅಂತ ಮಗ ಕೇಳಿದ. ಅಲ್ಲ, ಅದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಹ್ಯೂ ಡೇಲಿಯ ಹೆಸರು.)

ಮಾವನಿಗೆ ಸಿಟ್ಟು ಬರಿಸಿದ ಕಾರ್ಡು ಮಾತ್ರ ಹಲ್ಮಿಡಿಯದು. ‘ಕನ್ನಡದ ಮೊದಲ ಶಾಸನ: ಹಲ್ಮಿಡಿ, ಕ್ರಿ.ಶ. 450’. ಪಠ್ಯಪುಸ್ತಕದಲ್ಲೂ ಹಾಗೇ ಇತ್ತಲ್ಲ ಅಂದೆ. ‘ನೋಡಮ್ಮ, ಆ ಕಲ್ಲಿನ ಮೇಲೆ ಇಸವಿ ಇಲ್ಲ. ಲಿಪಿ ನೋಡಿ, ಒಳಗಿರೋ ರಾಜನ ಹೆಸರು ನೋಡಿ, ಸುಮಾರು ಇಷ್ಟು ಅಂತ ಹೇಳಿರೋದು’ ಅಂದರು. ಈಚೆಗೆ ಶಿಕಾರಿಪುರದ ಹತ್ತಿರದ ತಾಳಗುಂದದಲ್ಲಿ ಇನ್ನೂ ಹಳೆಯದು, ಸುಮಾರು 370ರದ್ದು ಅಂತ ಪುರಾತತ್ವ ಇಲಾಖೆ ಹೇಳುವ ಶಾಸನ ಸಿಕ್ಕಿದೆ. ಮಾವ ಪೆನ್ಸಿಲ್ ತಗೊಂಡು ಕಾರ್ಡಿನ ಮೇಲೆ ‘ಮೊದಲ’ ಅನ್ನುವುದರ ಹಿಂದೆ ಸಣ್ಣಕ್ಷರದಲ್ಲಿ ‘ಇದುವರೆಗೆ ಸಿಕ್ಕ’ ಅಂತ ಸೇರಿಸಿದರು. ಕೆಳಗೆ ತಾಳಗುಂದ ಅಂತ ಬರೆದು, ಅವತ್ತಿನ ತಾರೀಖನ್ನೂ ಹಾಕಿದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ತಪ್ಪು ಸಿಕ್ಕರೆ ಕಾರ್ಡು ಎಸೆಯುವುದಿಲ್ಲ, ಪೆನ್ಸಿಲ್‌ನಲ್ಲಿ ಸರಿ ಉತ್ತರ, ಪಕ್ಕದಲ್ಲಿ ದಿನಾಂಕ. ಆರುನೂರರಲ್ಲಿ ಈವರೆಗೆ 43 ತಿದ್ದಿದ್ದೇವೆ. ಗುರು-ಶನಿ ಕಾರ್ಡಿನ ಹಿಂದೆ ಜಾಗವೇ ಉಳಿದಿಲ್ಲ. ಮಗ ಈಗ ಎಸ್ಸೆಸ್ಸೆಲ್ಸಿ, ಆಟ ಕಮ್ಮಿಯಾಗಿದೆ. ಕರೆಂಟ್ ಹೋದರೆ ಮಾತ್ರ ಡಬ್ಬಿ ಹೊರಗೆ ಬರುತ್ತೆ.

ಐದಕ್ಕೆ ಮೂರು ಕೊಡುತ್ತೇನೆ. ಇಸವಿ ಹಾಕಿದ್ದರೆ ನಾಲ್ಕು ಕೊಡುತ್ತಿದ್ದೆ. ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡೋಕೆ ಅಂತ ತಗೊಳ್ಳುವವರಿಗೆ ಖಂಡಿತ ಬೇಡ, 29 ಅಂತ ಬರೆದು ಬಂದಾರು. ಮನೆಯಲ್ಲಿ ಒಂದು ಅತ್ತೆ, ಒಂದು ಪೆನ್ಸಿಲ್ ಇದ್ದರೆ ಧಾರಾಳವಾಗಿ ತಗೊಳ್ಳಿ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ‘ಕರ್ನಾಟಕ’ ಕಟ್ಟಿನ ಜಿಲ್ಲೆಯ ಕಾರ್ಡು ನೋಡಿ, 31 ಇದ್ದರೆ ಸ್ವಲ್ಪವಾದರೂ ಹೊಸದು. ಪ್ಲಾಸ್ಟಿಕ್ ಕವರ್ ಬಿಚ್ಚಲು ಅಂಗಡಿಯವರು ಬಿಡುವುದಿಲ್ಲ, ನನಗೂ ಬಿಟ್ಟಿರಲಿಲ್ಲ. ಆಗ ಇನ್ನೊಂದು 50 ರೂಪಾಯಿ ಚೌಕಾಸಿ ಮಾಡಿ.